ನಮ್ಮ ಮನೆಗೊಂದು ಪಾಲಿಗನ್ ನಂಬರು

ಹೋದ ಶನಿವಾರ ವರ್ಜೀನಿಯಾದಿಂದ ಗೆಳೆಯನ ಫೋನ್ ಬಂತು. ಅವನು ಫೋನ್ ಮಾಡಿದರೆ ಕ್ರಿಕೆಟ್ಟು, ಇಲ್ಲವೇ ಊರಲ್ಲಿ ತಗೊಂಡ ಸೈಟಿನ ಗೋಳು. ಈ ಸಲ ಎರಡೂ ಇರಲಿಲ್ಲ. "ಲೋ, ನಿಮ್ ಕಡೆ ಹೈಸ್ಕೂಲ್ ಬೌಂಡರಿ ಬದಲಾಯಿಸಿದಾಗ ನೀನೇನ್ ಮಾಡ್ದೆ?" ಅಂತ ಕೇಳಿದ.

ಅವನಿರುವುದು ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅಲ್ಲಿ 2024ರಲ್ಲಿ ಇಡೀ ಕೌಂಟಿಯ ಶಾಲಾ ಗಡಿಗಳನ್ನು, ಅಂದರೆ ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಅನ್ನುವ ಗೆರೆಗಳನ್ನು, ಮತ್ತೆ ನೋಡುವ ಕೆಲಸ ಶುರುವಾಯಿತು. ಇನ್ನು ಐದು ವರ್ಷಕ್ಕೊಮ್ಮೆ ನೋಡುತ್ತಾರಂತೆ. ಸಾಲದ್ದಕ್ಕೆ 2025ರಲ್ಲಿ ಒಂದು ಖಾಸಗಿ ಶಾಲೆಯ ಕಟ್ಟಡವನ್ನೇ ಕೊಂಡು ಹೈಸ್ಕೂಲ್ ಮಾಡಲು ಹೊರಟರು. ಹೊಸ ಹೈಸ್ಕೂಲ್ ಬಂತು ಅಂದರೆ ಸುತ್ತಲಿನ ಗೆರೆಗಳೆಲ್ಲ ಅಲುಗಾಡುತ್ತವೆ. ಇವನ ಮಗ ಏಳನೇ ಕ್ಲಾಸು. ಗಾಬರಿ ಆಗದೆ ಇರುತ್ತಾ?

ನಾನು ಏನು ಮಾಡಿದೆ ಅಂತ ಅವನಿಗೆ ಫೋನಿನಲ್ಲಿ ಸರಿಯಾಗಿ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಊರಲ್ಲಿರುವವರಿಗೆ ಮೊದಲು ಒಂದು ಮಾತು. ಇಲ್ಲಿ ಅಮೆರಿಕದಲ್ಲಿ ಸರ್ಕಾರಿ ಶಾಲೆ ಅಂದರೆ ನೀವು ಬೇಕಾದ ಕಡೆ ಹೋಗಿ ಸೇರಿಸುವುದಲ್ಲ. ನಿಮ್ಮ ಮನೆ ವಿಳಾಸ ಯಾವ ಗೆರೆಯೊಳಗೆ ಬರುತ್ತದೋ ಆ ಶಾಲೆ, ಅಷ್ಟೇ. ಹಾಗಾಗಿ ನಮ್ಮವರು ಮನೆ ಹುಡುಕುವಾಗ ಅಡುಗೆಮನೆ, ವಾಸ್ತು ಎಲ್ಲಕ್ಕಿಂತ ಮೊದಲು ಶಾಲೆಯ ರೇಟಿಂಗ್ ನೋಡುತ್ತಾರೆ. ಹತ್ತಕ್ಕೆ ಒಂಬತ್ತಿದ್ದರೆ ಬಾತ್‌ರೂಮ್ ಸೋರಿದರೂ ಪರವಾಗಿಲ್ಲ. ನಾವೂ ಹಾಗೇ ಕೊಂಡದ್ದು.

ನಾವಿರುವುದು ಮೇರಿಲ್ಯಾಂಡಿನ ಹವರ್ಡ್ ಕೌಂಟಿ. ವಾಷಿಂಗ್ಟನ್ನಿಗೂ ಬಾಲ್ಟಿಮೋರಿಗೂ ನಡುವೆ. ಇಡೀ ಕೌಂಟಿಗೆ ಒಂದೇ ಶಾಲಾ ಆಡಳಿತ. ತೆರಿಗೆ ದರ ಒಂದೇ, ಪಾಠ ಒಂದೇ, ಮೇಷ್ಟ್ರ ಸಂಬಳದ ಪಟ್ಟಿಯೂ ಒಂದೇ. ನಡುವೆ ಕೊಲಂಬಿಯಾ ಅನ್ನುವ ಊರಿದೆ. ಜೇಮ್ಸ್ ರೌಸ್ ಅನ್ನುವ ಬಿಲ್ಡರ್ 1967ರಲ್ಲಿ ಶುರು ಮಾಡಿದ್ದು. ಕರಿಯರು, ಬಿಳಿಯರು, ಉಳ್ಳವರು, ಇಲ್ಲದವರು ಎಲ್ಲ ಒಂದೇ ಬೀದಿಯಲ್ಲಿ ಇರಬೇಕು ಅನ್ನುವುದು ಅವರ ಆಸೆ. ಕಾರುಗಳ ಹಿಂದೆ 'ಚೂಸ್ ಸಿವಿಲಿಟಿ' ಅಂತ ಸ್ಟಿಕ್ಕರ್ ಇರುತ್ತೆ. ಸಭ್ಯವಾಗಿ ನಡೆದುಕೊಳ್ಳಿ ಅಂತ. ನಮ್ಮ ಕಾರಿಗೂ ಇತ್ತು.

ಆದರೆ ಐವತ್ತು ವರ್ಷದಲ್ಲಿ ಆಸೆ ಒಂದು ಕಡೆ, ಮನೆಗಳು ಒಂದು ಕಡೆ ಆದವು. ಪೂರ್ವಕ್ಕೆ ರೂಟ್ ಒನ್ ಅನ್ನುವ ಹೆದ್ದಾರಿಯ ಕಡೆ ಅಪಾರ್ಟ್‌ಮೆಂಟು, ಟೌನ್‌ಹೌಸು ಏಳುತ್ತಲೇ ಇದ್ದವು. ಆ ಕಡೆಯ ಕೆಲವು ಶಾಲೆಗಳಲ್ಲಿ ಜಾಗ ಸಾಲದೆ ಅಂಗಳದಲ್ಲಿ ಪೋರ್ಟಬಲ್ ಡಬ್ಬಗಳನ್ನಿಟ್ಟು ಪಾಠ ಮಾಡುತ್ತಿದ್ದರು. ಪಶ್ಚಿಮದಲ್ಲಿ ಹೊಲ, ದೊಡ್ಡ ದೊಡ್ಡ ಮನೆ, ಶಾಲೆಯಲ್ಲಿ ಖಾಲಿ ಬೆಂಚು. ಮನೆಯ ವರಮಾನ ಕಡಿಮೆ ಅಂತ ಶಾಲೆಯ ಊಟಕ್ಕೆ ರಿಯಾಯಿತಿ ಪಡೆಯುವ ಮಕ್ಕಳು ಒಂದು ಹೈಸ್ಕೂಲಿನಲ್ಲಿ ನೂರಕ್ಕೆ ಐದರ ಆಸುಪಾಸು, ಇನ್ನೊಂದರಲ್ಲಿ 40ಕ್ಕೂ ಜಾಸ್ತಿ.

2019ರ ಆಗಸ್ಟಿನಲ್ಲಿ ಶಾಲಾ ಆಡಳಿತದ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಮೈಕಲ್ ಮಾರ್ಟಿರಾನೋ ಒಂದು ಯೋಜನೆ ಇಟ್ಟರು. ಸುಮಾರು 7,400 ಮಕ್ಕಳು ಶಾಲೆ ಬದಲಾಯಿಸಬೇಕು. ಜಾಗದ ತೊಂದರೆ ಒಂದು ಕಾರಣ, ಬಡ ಮಕ್ಕಳೆಲ್ಲ ಕೆಲವೇ ಶಾಲೆಗಳಲ್ಲಿ ಗುಡ್ಡೆ ಬೀಳಬಾರದು ಅನ್ನುವುದು ಇನ್ನೊಂದು. ಲೆಕ್ಕಕ್ಕೆ ಊಟದ ರಿಯಾಯಿತಿಯನ್ನು ಹಿಡಿದದ್ದು ಯಾಕೆ ಅಂದರೆ, ಜನಾಂಗ ನೋಡಿ ಒಂದೊಂದು ಮಗುವನ್ನು ಇಂಥ ಶಾಲೆಗೆ ಅಂತ ಹಾಕುವುದನ್ನು ಸುಪ್ರೀಂ ಕೋರ್ಟು 2007ರಲ್ಲಿ ಸಿಯಾಟಲ್ ಕೇಸಿನಲ್ಲಿ ತಡೆದಿತ್ತು.

ಆ ವಾರವೇ 'ಪಾಲಿಗನ್' ಅನ್ನುವ ಪದ ಎಲ್ಲರ ಬಾಯಿಗೆ ಬಂತು. ಯೋಜನೆಗೆ ಅಂತ ಕೌಂಟಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದೊಂದಕ್ಕೂ ನಂಬರು ಕೊಟ್ಟಿರುತ್ತಾರೆ. ಹತ್ತು ವರ್ಷ ಆ ಮನೆಯಲ್ಲಿದ್ದೆವು, ನಮಗೂ ಒಂದು ನಂಬರ್ ಇದೆ ಅಂತ ಗೊತ್ತೇ ಇರಲಿಲ್ಲ. ಈಗ ಗಣೇಶನ ಹಬ್ಬಕ್ಕೆ ಹೋದರೂ ಗೋತ್ರ ಕೇಳಿದ ಹಾಗೆ "ನಿಮ್ಮದು ಯಾವ ಪಾಲಿಗನ್ನು?" ಅಂತ ಕೇಳುವವರು. ನಮ್ಮದು ಹೋಗುವ ಪಟ್ಟಿಯಲ್ಲಿತ್ತು. ಮಗಳು ಎಂಟನೇ ಕ್ಲಾಸಿನಲ್ಲಿದ್ದಳು. ಮುಂದಿನ ವರ್ಷ ಅವಳು ಪಕ್ಕದ ಒಳ್ಳೆ ಹೆಸರಿನ ಶಾಲೆ ಬಿಟ್ಟು ಆ ಕಡೆಯ ಶಾಲೆಗೆ ಹೋಗಬೇಕು. ಶಾಲೆಗಳ ಹೆಸರು ಬೇಡ ಬಿಡಿ.

ಎರಡೇ ದಿನದಲ್ಲಿ ವಾಟ್ಸಾಪ್ ಗುಂಪು ಹುಟ್ಟಿತು. ನಮ್ಮವರು, ತೆಲುಗಿನವರು, ಚೀನಾದವರು, ಕೊರಿಯಾದವರು. ಅಲ್ಲಿವರೆಗೆ ಪಕ್ಕದ ಮನೆಯವರ ಜೊತೆ ಹಿಮ ತೆಗೆಯುವಾಗ ಹಲೋ ಅಂದದ್ದು ಬಿಟ್ಟರೆ ಮಾತಿರಲಿಲ್ಲ. ಈಗ ರಾತ್ರಿ ಹನ್ನೆರಡರವರೆಗೆ ಎಕ್ಸೆಲ್ ಶೀಟು. ಮೊದಲ ದಿನದ ಮೆಸೇಜುಗಳಲ್ಲಿ ನೇರವಾಗಿಯೇ ಇತ್ತು: ಮನೆ ಬೆಲೆ ಎಷ್ಟು ಇಳಿಯುತ್ತೆ, ಅಲ್ಲಿಯ ಟೆಸ್ಟ್ ಸ್ಕೋರ್ ಎಷ್ಟು, 'ಆ ಥರದ ಮಕ್ಕಳು'. ಮೂರನೇ ದಿನ ಯಾರೋ ತಿಳಿದವರು, ಇದನ್ನೆಲ್ಲ ಹೊರಗೆ ಆಡಬೇಡಿ, ಬಸ್ಸಿನ ಬಗ್ಗೆ ಮಾತಾಡಿ ಅಂದರು. ಅಲ್ಲಿಂದ ಎಲ್ಲರೂ ಬಸ್ಸು ಹತ್ತಿದೆವು. ದೂರ, ಸಮಯ, ಮಕ್ಕಳ ನಿದ್ದೆ, ಡೀಸೆಲ್ ಹೊಗೆ.

ನಾನೂ ಒಂದು ಪುಟ ಬರೆದೆ. ಇದನ್ನೆಲ್ಲ ತೀರ್ಮಾನಿಸುವ ಶಾಲಾ ಬೋರ್ಡಿನ ಮುಂದೆ ಓದಲು ಮೂರು ನಿಮಿಷ. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿದಳು. ಆಮೇಲೆ, "ಎಷ್ಟು ಜಾಸ್ತಿ ಆಗುತ್ತೆ?" ಅಂದಳು. ಮ್ಯಾಪಿನಲ್ಲಿ ನೋಡಿದ್ದೆ, ಹನ್ನೊಂದು ನಿಮಿಷ. "ಸಂಗೀತದ ಕ್ಲಾಸಿಗೆ ವಾರಕ್ಕೆರಡು ಸಲ ನಲವತ್ತು ನಿಮಿಷ ಕರ್ಕೊಂಡು ಹೋಗ್ತೀರಲ್ಲ, ಆಗ ಅವಳಿಗೆ ನಿದ್ದೆ ಕೆಡಲ್ವಾ?" ನನಗೆ ಸಿಟ್ಟು ಬಂತು. ಉತ್ತರ ಇದ್ದಿದ್ದರೆ ಸಿಟ್ಟು ಬರುತ್ತಿರಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವಳಿಗೆ ಅರ್ಥವೇ ಆಗಲಿಲ್ಲ. "ಸರ್ಕಾರದ ಬಸ್ಸೇ ಮನೆ ಹತ್ರ ಬಂದು ಕರ್ಕೊಂಡು ಹೋಗುತ್ತಂತೆ, ಇನ್ನೇನು? ನೀನು ತಿಪಟೂರಿಗೆ ಫುಟ್‌ಬೋರ್ಡಲ್ಲಿ ನೇತಾಡ್ಕೊಂಡು ಹೋಗ್ಲಿಲ್ವಾ?" ಅದು ಬೇರೆ, ಇದು ಬೇರೆ ಅಂದೆ. ಹೇಗೆ ಬೇರೆ ಅಂತ ಅವಳು ಕೇಳಲಿಲ್ಲ ಪುಣ್ಯಕ್ಕೆ.

ಎದುರಾಡಿದವರೆಲ್ಲ ಕಳ್ಳರು ಅಂತ ಹೇಳುತ್ತಿಲ್ಲ. ಯೋಜನೆಯಲ್ಲಿ ಬಡವರ ಮನೆ ಮಕ್ಕಳನ್ನೂ ದೂರಕ್ಕೆ ಕಳಿಸುವುದಿತ್ತು. ಕಾರಿಲ್ಲದ ತಾಯಿ, ಎರಡು ಶಿಫ್ಟ್ ಮಾಡುವವಳು, ಮಗನಿಗೆ ಜ್ವರ ಬಂತು ಅಂತ ಶಾಲೆಯಿಂದ ಫೋನ್ ಬಂದರೆ ಹೇಗೆ ಹೋಗಬೇಕು? ಈಗಿನ ಶಾಲೆಗಾದರೆ ನಡೆದು ಹೋಗುತ್ತಿದ್ದಳು. ಇದು ನಿಜವಾದ ಪ್ರಶ್ನೆ, ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ. ಆದರೆ ನಮ್ಮ ಗುಂಪು ಆ ತಾಯಂದಿರ ಹೆಸರಲ್ಲಿ ಪುಟಗಟ್ಟಲೆ ಬರೆಯಿತೇ ಹೊರತು, ಒಬ್ಬ ತಾಯಿಯನ್ನೂ ಹೋಗಿ ಕೇಳಲಿಲ್ಲ. ನಮಗೆ ಅಂಥವರ ಪರಿಚಯವೇ ಇರಲಿಲ್ಲವಲ್ಲ.

ಸಭೆಯ ದಿನ ಹೊರಗೆ ಫಲಕ ಹಿಡಿದ ಜನ, ಒಳಗೆ ಕಾಲಿಡಲು ಜಾಗವಿಲ್ಲ. ಬೋರ್ಡಿಗೆ ಹೋದ ಕೆಲವು ಪತ್ರಗಳಲ್ಲಿ ಕಪ್ಪು ಮಕ್ಕಳ ಬಗ್ಗೆ ಹೊಲಸು ಮಾತುಗಳಿದ್ದವು ಅಂತ ಪೇಪರಿನಲ್ಲೂ ಬಂದಿತ್ತು. ನನ್ನ ಸರದಿಗೆ ಇಬ್ಬರ ಮುಂಚೆ ಒಬ್ಬಳು ಹುಡುಗಿ ಬಂದಳು, ನಮ್ಮನ್ನು ಕಳಿಸಬೇಕು ಅಂತಿದ್ದ ಶಾಲೆಯವಳೇ. ಅಳಲಿಲ್ಲ, ಕೂಗಲಿಲ್ಲ. ಒಂದು ತಿಂಗಳಿಂದ ದೊಡ್ಡವರೆಲ್ಲ ನಮ್ಮ ಶಾಲೆಯನ್ನು ಜೈಲಿನ ಥರ ಮಾತಾಡುತ್ತಿದ್ದೀರಿ, ನಾನು ಅಲ್ಲಿ ದಿನಾ ಹೋಗುತ್ತೇನೆ, ನಮ್ಮ ಬ್ಯಾಂಡ್ ಚೆನ್ನಾಗಿದೆ, ಒಂದು ದಿನ ಬಂದು ನೋಡಿ ಅಂದಳು. ಅಷ್ಟು ಹೇಳಿ ಒಂದು ನಿಮಿಷ ಉಳಿಸಿ ಹೋದಳು. ಆಮೇಲೆ ನನ್ನ ಹೆಸರು ಕರೆದರು. ನಾನು ಹೋಗಿ ಬಸ್ಸಿನ ಬಗ್ಗೆ ಓದಿದೆ. ಪೂರ್ತಿ ಮೂರು ನಿಮಿಷ. ಜನ ಚಪ್ಪಾಳೆ ಕೂಡ ಹೊಡೆದರು. ಗೆಳೆಯನಿಗೆ ಹೇಳದೆ ಬಿಟ್ಟದ್ದು ಇದನ್ನೇ.

ಕೊಲಂಬಿಯಾದಲ್ಲಿ ನಾನು ದಿನಾ ಓಡಾಡುವ ಕಡೆ ಒಂದು ಹಳೇ ಇಟ್ಟಿಗೆ ಕಟ್ಟಡವಿದೆ. ಬಹಳ ವರ್ಷ ಶಾಲಾ ಇಲಾಖೆಯ ರಿಪೇರಿಯವರು ಅಲ್ಲಿದ್ದರು, ನಾನು ಗೋಡೌನ್ ಅಂದುಕೊಂಡಿದ್ದೆ. ಅದು ಹ್ಯಾರಿಯೆಟ್ ಟಬ್ಮನ್ ಶಾಲೆ. 1949ರಿಂದ 1965ರವರೆಗೆ ಕೌಂಟಿಯ ಕಪ್ಪು ಮಕ್ಕಳಿಗೆ ಇದ್ದ ಹೈಸ್ಕೂಲು. ಬೇರೆ ಬೇರೆ ಶಾಲೆ ತಪ್ಪು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ. ಅದಾದ ಮೇಲೂ 11 ವರ್ಷ ನಡೆಯಿತು. ಕೌಂಟಿಯ ಮೂಲೆ ಮೂಲೆಯಿಂದ, ಹತ್ತಿರದ ಬಿಳಿಯರ ಶಾಲೆ ದಾಟಿಕೊಂಡು, ಮಕ್ಕಳು ಬಸ್ಸಿನಲ್ಲಿ ಅಲ್ಲಿಗೆ ಬರಬೇಕಿತ್ತು. ಇದು ನನಗೆ ಗೊತ್ತಾದದ್ದು 2022ರಲ್ಲಿ ಅದು ಸಾಂಸ್ಕೃತಿಕ ಕೇಂದ್ರವಾಗಿ ತೆರೆದ ಮೇಲೆ. ಬಸ್ಸಿನ ಭಾಷಣ ಮಾಡಿ ಮೂರು ವರ್ಷ ಆಗಿತ್ತು.

2019ರ ನವೆಂಬರಿನಲ್ಲಿ ಬೋರ್ಡು ಮತ ಹಾಕಿತು. ಯೋಜನೆ ಇಳಿದು ಇಳಿದು 5,400 ಮಕ್ಕಳ ಹತ್ತಿರಕ್ಕೆ ಬಂದಿತ್ತು. ನಮ್ಮ ಪಾಲಿಗನ್ ಆ ಕಡೆಯ ಶಾಲೆಗೇ ಹೋಯಿತು. ಗುಂಪಿನಲ್ಲಿ ಇಬ್ಬರು ಮನೆ ಮಾರಿ, ಹಳೇ ಶಾಲೆಯೇ ಸಿಗುವ ಹಾಗೆ ಗೆರೆ ದಾಟಿ ಹೋದರು. ನಾವೂ ಒಂದು ಭಾನುವಾರ ಎರಡು ಮನೆ ನೋಡಿ ಬಂದೆವು, ಸುಮ್ನೆ ನೋಡೋಣ ಅಂತ.

ಹೊಸ ಗೆರೆ ಜಾರಿಗೆ ಬಂದದ್ದು 2020ರ ಶಾಲಾ ವರ್ಷಕ್ಕೆ. ಆ ಸೆಪ್ಟೆಂಬರಿನಲ್ಲಿ ಕೋವಿಡ್ಡಿನಿಂದ ಪಾಠವೆಲ್ಲ ಆನ್‌ಲೈನು. ಮಗಳು ಹೈಸ್ಕೂಲಿನ ಮೊದಲ ದಿನ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆಗೆದು ಕೂತಳು. ಮೇಲೆ ಶರ್ಟು, ಕೆಳಗೆ ಪೈಜಾಮ. ಬಸ್ಸೂ ಇಲ್ಲ, ಹನ್ನೊಂದು ನಿಮಿಷವೂ ಇಲ್ಲ. ಹೆಂಡತಿ ದೋಸೆ ಹಾಕುತ್ತಾ ನನ್ನ ಕಡೆ ನೋಡಿದಳು, ಏನೂ ಅನ್ನಲಿಲ್ಲ.

2024ರಲ್ಲಿ ಮಗಳು ಅಲ್ಲಿಂದ ಪಾಸಾಗಿ ಹೊರಟಳು. ಮನೆ ಬೆಲೆ ಎಲ್ಲರದೂ ಏರಿದ ಹಾಗೆ ನಮ್ಮದೂ ಏರಿತು. ನಡುವೆ ಜೆಸಪ್ಪಿನಲ್ಲಿ ಗಿಲ್ಫರ್ಡ್ ಪಾರ್ಕ್ ಅನ್ನುವ ಹೊಸ ಹೈಸ್ಕೂಲು 2023ರಲ್ಲಿ ತೆರೆಯಿತು, ಅದಕ್ಕೂ ಮತ್ತೆ ಗೆರೆ ಎಳೆದರು, ಮತ್ತೆ ಜಗಳ ಆಯಿತು. ಆ ಹೊತ್ತಿಗೆ ನಾನು ಗುಂಪಿನಿಂದ ಹೊರಗೆ ಬಂದಿದ್ದೆ.

ನಿನ್ನೆ ರಾತ್ರಿ ಗೆಳೆಯ ತಾನು ಬರೆದ ಪತ್ರ ಕಳಿಸಿ, ಸ್ವಲ್ಪ ತಿದ್ದಿಕೊಡು ಅಂದಿದ್ದಾನೆ. ಎರಡು ಪುಟ ಇದೆ. ಮೊದಲ ಸಾಲಿನಲ್ಲೇ ಬಸ್ಸು ಬಂದಿದೆ. ಎಷ್ಟು ನಿಮಿಷ ಜಾಸ್ತಿ ಆಗುತ್ತೆ ಅಂತ ಕೇಳಿ ಮೆಸೇಜ್ ಹಾಕಿದ್ದೇನೆ. ಎರಡು ನೀಲಿ ಟಿಕ್ ಬಿದ್ದಿವೆ, ಉತ್ತರ ಬಂದಿಲ್ಲ.