ಸೇನ್ ಅವರ ಕನ್ನಡಕ

ಫೈನಲ್ ಇಯರ್‌ನಲ್ಲಿ ನನಗೆ ಸೈನ್ಯದ ಹುಚ್ಚು. ಬೆಳಿಗ್ಗೆ ಐದಕ್ಕೇ ಎದ್ದು ತುಮಕೂರಿನ ಅಮಾನಿಕೆರೆ ಏರಿ ಮೇಲೆ ಓಡುತ್ತಿದ್ದೆ. ಇಂಟರ್‌ವ್ಯೂ ದಾಟಿದೆ, ಮೆಡಿಕಲ್‌ನಲ್ಲಿ ಬಿದ್ದೆ. ಕಣ್ಣಿನ ಪವರ್ ಮೈನಸ್ ಐದೂವರೆ! ಎರಡು ದಿನ ಹಾಸ್ಟೆಲ್ ಮಂಚ ಬಿಟ್ಟೇಳಲಿಲ್ಲ. ಮೂರನೇ ದಿನ ಮೆಷಿನ್ಸ್ ಲ್ಯಾಬ್ ಮೇಷ್ಟ್ರು ಸ್ಕೂಟರ್ ಹಿಂದೆ ಕೂರಿಸಿಕೊಂಡು ಕ್ಯಾತ್ಸಂದ್ರಕ್ಕೆ ಕರೆದೊಯ್ದರು. ತಟ್ಟೆ ಇಡ್ಲಿ ಮುಂದಿಟ್ಟು, "ಮೋಟಾರು ನಿನ್ನ ಪವರ್ ಕೇಳಲ್ಲ ಕಣೋ, ತಿನ್ನು" ಅಂದರು. ಅವರ ಮಾತಿಗೇ ಎಲೆಕ್ಟ್ರಿಕಲ್ ಬಿಡದೆ ಹಿಡಿದೆ, ಮುಂದೆ ಓದೋಕೆ ಇಂಗ್ಲೆಂಡಿನ ಲೀಡ್ಸ್‌ಗೆ ಹೋದೆ.

ಅಲ್ಲಿನ ವಿಶ್ವವಿದ್ಯಾಲಯದ ಯುದ್ಧ ಸ್ಮಾರಕದಲ್ಲಿ ಆಂಗ್ಲ ಹೆಸರುಗಳ ನಡುವೆ ಒಂದು ನಮ್ಮ ಕಡೆಯ ಹೆಸರು. ಸೇನ್! ಆಮೇಲೆ ಹುಡುಕಿ ಓದಿದೆ. ಜೋಗೇಂದ್ರನಾಥ ಸೇನ್, ಬಂಗಾಳದ ಚಂದ್ರನಗರದವರು. 1910ರಲ್ಲಿ ಲೀಡ್ಸ್‌ಗೆ ಬಂದು 1913ರಲ್ಲಿ ಎಂಜಿನಿಯರ್ ಆದರು. ಅದೇ ಊರಿನ ವಿದ್ಯುತ್ ಕೇಂದ್ರದಲ್ಲಿ ಕೆಲಸ. ನಮ್ಮ ಕಸುಬಿನವರೇ ಅಲ್ವಾ! ಕನ್ನಡಕವೂ ಇತ್ತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಊರಿನ ಹುಡುಗರೆಲ್ಲ ಸೇರಿ ಕಟ್ಟಿದ ಲೀಡ್ಸ್ ಪಾಲ್ಸ್ ದಳಕ್ಕೆ ಇವರೂ ಹೆಸರು ಬರೆಸಿದರು. ಕನ್ನಡಕ ಅಲ್ಲಿ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಮೈಬಣ್ಣ. ದಳದಲ್ಲೇ ಜಾಸ್ತಿ ಓದಿದವನು ಸೇನ್, ಆದರೂ ಬಿಳಿಯರ ಮೇಲೆ ಕರಿಯನನ್ನು ಕೂರಿಸುತ್ತಿರಲಿಲ್ಲ ಅಂತ ಅವರ ಜೊತೆಗಿದ್ದ ಒಬ್ಬ ಸಿಪಾಯಿಯೇ ಮುಂದೊಂದು ದಿನ ಹೇಳಿದ್ದಾನೆ. ನನಗಾದರೂ ಒಂದು ನಂಬರ್ ತೋರಿಸಿ ವಾಪಸ್ ಕಳಿಸಿದ್ದರು. ಇವರನ್ನು ಒಳಗೆ ಬಿಟ್ಟುಕೊಂಡು, ಸಾಮಾನ್ಯ ಸಿಪಾಯಿಯಾಗಿಯೇ ಉಳಿಸಿದರು. ಯಾವುದು ಹೆಚ್ಚು ನೋವು ಅಂತ ಸುಮ್ನೆ ಯೋಚಿಸುತ್ತಿರುತ್ತೇನೆ.

ಮೊದಲು ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ಕಾವಲು, ಆಮೇಲೆ ಫ್ರಾನ್ಸ್. 1916ರ ಮೇ 22ರ ರಾತ್ರಿ ಕಂದಕದ ಮೇಲೆ ಶೆಲ್ ದಾಳಿ ನಡೆದಾಗ ಸೇನ್ ತೀರಿಕೊಂಡರು. ವಯಸ್ಸು 28. ಸಮಾಧಿ ಫ್ರಾನ್ಸಿನಲ್ಲೇ, ಕೊಲಿಂಕಾಂಪ್ ಹತ್ತಿರ. ಸುಮಾರು ಆರು ವಾರಕ್ಕೆ, ಜುಲೈ 1ರಂದು, ಸೋಮ್ ಕದನದ ಮೊದಲ ಬೆಳಿಗ್ಗೆಯೇ ಅವರ ದಳದ ಬಹುಪಾಲು ಹುಡುಗರು ಸತ್ತರು, ಇಲ್ಲವೇ ಗಾಯಗೊಂಡರು.

ಸೇನ್ ಜೊತೆಗಿದ್ದ ಸಾಮಾನು ಚಂದ್ರನಗರದ ಮನೆಗೆ ಬಂತು. ಅದರಲ್ಲಿ ಕನ್ನಡಕವೂ ಇತ್ತು. ಈಗ ಅದು ಅಲ್ಲಿನ ಮ್ಯೂಸಿಯಂನಲ್ಲಿದೆ. ದುಂಡು ಗಾಜು, ತೆಳ್ಳನೆಯ ಕಡ್ಡಿ. ಕನ್ನಡಕ ಒಡೆದಿದೆ, ರಕ್ತದ ಕಲೆ ಹೋಗಿಲ್ಲ. ಫೋಟೋ ನೋಡಿದಾಗ ನನಗೇ ಗೊತ್ತಿಲ್ಲದೆ ಕೈ ನನ್ನ ಮೂಗಿನ ಮೇಲಕ್ಕೆ ಹೋಯಿತು.

ಕಳೆದ ಸಲ ಊರಿಗೆ ಬಂದಾಗ ಮೇಷ್ಟ್ರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಈಗ ಅವರಿಗೂ ದಪ್ಪ ಗಾಜು. ಕನ್ನಡಕ ತೆಗೆದು ಪಂಚೆ ಅಂಚಿನಲ್ಲಿ ಒರೆಸುತ್ತಾ ತುಂಬ ಹೊತ್ತು ಸುಮ್ಮನಿದ್ದರು.

"ಅವನ ಪವರ್ ಎಷ್ಟಿತ್ತಂತೋ?" ಅಂದರು.