ಒಣಹವೆ, ಸ್ವೆಟರ್ ಮತ್ತು ಎರಡು ಮಾಸ್‌ಫೆಟ್‌ಗಳು

ಕಳೆದ ಜನವರಿಯಲ್ಲಿ ಕಲಬುರಗಿಯ ನಮ್ಮ ಮನೆಯ ಸೌರದೀಪಕ್ಕೆ ಚಾರ್ಜ್ ಕಂಟ್ರೋಲರ್ ಜೋಡಿಸುವಾಗ ಎರಡು ಐಆರ್‌ಎಫ್540ಎನ್ ಮಾಸ್‌ಫೆಟ್‌ಗಳು ಒಂದರ ಹಿಂದೊಂದು ಕೆಟ್ಟವು. ಮಾಸ್‌ಫೆಟ್ ಎಂದರೆ ಸ್ವಿಚ್ಚಿನಂತೆ ವಿದ್ಯುತ್ತನ್ನು ಹರಿಸುವ, ನಿಲ್ಲಿಸುವ ಟ್ರಾನ್ಸಿಸ್ಟರ್; ಅದರ ಕಾಲುಗಳಲ್ಲಿ ಎರಡಕ್ಕೆ ಗೇಟ್, ಸೋರ್ಸ್ ಎಂದು ಹೆಸರು. ಮಲ್ಟಿಮೀಟರ್ ಹಚ್ಚಿ ನೋಡಿದರೆ ಎರಡರಲ್ಲಿಯೂ ಗೇಟ್ ಮತ್ತು ಸೋರ್ಸ್ ನಡುವೆ ಶಾರ್ಟ್ ಆಗಿತ್ತು. ಅಂಗಡಿಯವರು ನಕಲಿ ಮಾಲು ಕೊಟ್ಟರೆಂದು ಮನಸ್ಸಿನಲ್ಲಿಯೇ ಬೈದುಕೊಂಡೆ. ಆ ರಾತ್ರಿ ಸ್ವೆಟರ್ ಕಳಚುವಾಗ ಚಟಚಟ ಸದ್ದಿನೊಂದಿಗೆ ಕಿಡಿ ಹಾರಿತು. ಅದೇ ಸ್ವೆಟರ್ ತೊಟ್ಟು, ಪ್ಲಾಸ್ಟಿಕ್ ಕುರ್ಚಿಯಿಂದ ಹತ್ತಾರು ಸಲ ಎದ್ದು ಕುಳಿತು, ಥರ್ಮಾಕೋಲ್ ಹಾಳೆಗೆ ಚುಚ್ಚಿಟ್ಟಿದ್ದ ಬಿಡಿಭಾಗಗಳನ್ನು ಇಡೀ ಮಧ್ಯಾಹ್ನ ಬರಿಗೈಯಲ್ಲಿ ಎತ್ತಿಕೊಂಡಿದ್ದು ಆಗ ನೆನಪಾಯಿತು. ಅವನ್ನು ಸ್ಥಿರ ವಿದ್ಯುತ್ತೇ ಕೊಂದಿತೆಂದು ನಾನು ಸಾಬೀತುಪಡಿಸಲಾರೆ. ಆದರೆ ಲೆಕ್ಕ ಹಾಕಿದ ಮೇಲೆ ಅಂಗಡಿಯವರ ಮೇಲಿನ ಸಿಟ್ಟು ಇಳಿಯಿತು.

ಪರೀಕ್ಷೆಯ ಮಾದರಿಗಳಲ್ಲಿ ಮನುಷ್ಯನ ದೇಹವನ್ನು 100 ಪಿಕೋಫ್ಯಾರಡ್‌ನ ಕೆಪಾಸಿಟರ್, ಅಂದರೆ ವಿದ್ಯುದಾವೇಶವನ್ನು (ಚಾರ್ಜ್) ಹಿಡಿದಿಡುವ ಭಾಗ ಎಂದು ಎಣಿಸುತ್ತಾರೆ. ಬೆರಳಿಗೆ ಚುರುಕ್ಕೆನ್ನಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಈ ಮಾಸ್‌ಫೆಟ್‌ನ ಗೇಟ್ ತಾಳಿಕೊಳ್ಳಲು ನಿಗದಿಯಾದ ಮಿತಿ 20 ವೋಲ್ಟ್, ಅದರ ಗೇಟ್ ಧಾರಕತೆ (ಆವೇಶ ಹಿಡಿದಿಡುವ ಸಾಮರ್ಥ್ಯ) ಸುಮಾರು 2000 ಪಿಕೋಫ್ಯಾರಡ್. ಹೀಗಾಗಿ 3000 ವೋಲ್ಟ್ ಹೊತ್ತ ಬೆರಳು ತಾಗಿದಾಗ ಆವೇಶ ದೇಹ ಮತ್ತು ಗೇಟ್ ಎರಡರಲ್ಲೂ ಹಂಚಿಹೋಗಿ ಗೇಟ್ ಮೇಲೆ 140 ವೋಲ್ಟ್ ಆಸುಪಾಸು ನಿಲ್ಲುತ್ತದೆ. ನಮಗೆ ಸುಳಿವೇ ಸಿಗದ 500 ವೋಲ್ಟ್ ಇದ್ದರೂ ಸುಮಾರು 24 ವೋಲ್ಟ್ ಆಗಿ ಮಿತಿ ದಾಟುತ್ತದೆ. ಗೇಟ್ ಧಾರಕತೆ ಇನ್ನೂ ಕಡಿಮೆಯಿರುವ 2ಎನ್7000ದಂತಹ ಸಣ್ಣ ಮಾಸ್‌ಫೆಟ್‌ಗಳ ಪಾಡು ಇದಕ್ಕಿಂತ ಕಷ್ಟ. ಕಿಡಿ ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ; ಕೆಲವು ಭಾಗಗಳು ಅರ್ಧ ಪೆಟ್ಟು ತಿಂದು, ಆ ದಿನ ಸರಿಯಾಗಿಯೇ ನಡೆದು, ವಾರಗಳ ನಂತರ ಕೈಕೊಡುವುದೂ ಉಂಟು.

ದೇಹದ ಆವೇಶವನ್ನು ಭೂಮಿಗೆ ಇಳಿಸಲು ಮಣಿಕಟ್ಟಿಗೆ ಕಟ್ಟಿಕೊಳ್ಳುವ ರಿಸ್ಟ್ ಸ್ಟ್ರಾಪ್ ತರಿಸಿಕೊಂಡೆ. ಅದನ್ನು ಸಿಕ್ಕಿಸಲು ಹೋದಾಗಲೇ ನಮ್ಮ ಹಳೆಯ ಮನೆಯ ಸಾಕೆಟ್ಟಿನ ಮೂರನೆಯ ತೂತಿನ (ಅರ್ಥ್) ಹಿಂದೆ ತಂತಿಯೇ ಇಲ್ಲವೆಂದು ತಿಳಿದದ್ದು. ಮಲ್ಟಿಮೀಟರ್ ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟ್ ತೋರಿಸಿತೆಂದು ಅರ್ಥಿಂಗನ್ನು ನಂಬಬೇಡಿ. ಡಿಜಿಟಲ್ ಮೀಟರ್ ತೆಗೆದುಕೊಳ್ಳುವ ವಿದ್ಯುತ್ತು ತೀರ ಅತ್ಯಲ್ಪವಾದ್ದರಿಂದ ಕೆಟ್ಟ ಅರ್ಥಿಂಗ್ ಕೂಡ ಅದಕ್ಕೆ ಒಳ್ಳೆಯದಾಗಿಯೇ ಕಾಣುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಇದ್ದಿಲು ಮತ್ತು ಉಪ್ಪು ಹಾಕಿದ ಗುಂಡಿ ಮಾಡಿಸಿದೆವು, ಬೇಸಿಗೆಯಲ್ಲಿ ಅವ್ವ ಅದಕ್ಕೆ ತುಳಸಿಗೆ ಹಾಕಿದಂತೆ ದಿನವೂ ಒಂದು ತಂಬಿಗೆ ನೀರು ಹಾಕುತ್ತಾಳೆ. ನಿಜಕ್ಕೂ ಸ್ಥಿರ ವಿದ್ಯುತ್ತಿಗೆ ಅಷ್ಟು ಒಳ್ಳೆಯ ಅರ್ಥಿಂಗ್ ಬೇಕಿಲ್ಲ, ಏಕೆಂದರೆ ಸ್ಟ್ರಾಪಿನ ತಂತಿಯೊಳಗೇ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ದೇಹದ ಆವೇಶ ಅದರ ಮೂಲಕ ಮಿಲಿಸೆಕೆಂಡಿನೊಳಗೆ ಇಳಿದುಹೋಗುತ್ತದೆ; ಅಕಸ್ಮಾತ್ತಾಗಿ 230 ವೋಲ್ಟ್ ತಗುಲಿದರೂ ಸ್ಟ್ರಾಪಿನ ದಾರಿಯಲ್ಲಿ ಹರಿಯುವುದು 0.23 ಮಿಲಿಆಂಪಿಯರ್ ಮಾತ್ರ. ಆ ರೆಸಿಸ್ಟರ್ ಇಲ್ಲದ ಬರಿಯ ತಂತಿಯನ್ನು ಕೈಗೆ ಕಟ್ಟಿಕೊಳ್ಳುವುದು ಜೀವಕ್ಕೇ ಅಪಾಯ. ಮೇನ್ಸ್ ಚಾಲೂ ಇರುವ ಸರ್ಕ್ಯೂಟ್ ಮುಟ್ಟುವ ಕೆಲಸವಿದ್ದರೆ ನಾನು ಸ್ಟ್ರಾಪನ್ನೇ ಬಿಚ್ಚಿಡುತ್ತೇನೆ.

ಅರ್ಥಿಂಗ್ ಸರಿಯಾಗುವವರೆಗಿನ ಎರಡು ವಾರ ಸ್ಟ್ರಾಪ್, ಆಂಟಿಸ್ಟ್ಯಾಟಿಕ್ ಮ್ಯಾಟ್ (ಆವೇಶ ನಿಲ್ಲಗೊಡದ ಹಾಸು) ಮತ್ತು ಬೋರ್ಡಿನ ಗ್ರೌಂಡ್ ಮೂರನ್ನೂ ಒಂದಕ್ಕೊಂದು ಜೋಡಿಸಿಕೊಂಡು ಕೆಲಸ ಮಾಡಿದೆ. ಭೂಮಿಗೆ ದಾರಿಯಿಲ್ಲದಿದ್ದರೂ ಇವುಗಳ ನಡುವೆ ವೋಲ್ಟೇಜ್ ವ್ಯತ್ಯಾಸವಿರದಿದ್ದರೆ ಕಿಡಿ ಹಾರುವುದಿಲ್ಲ. ನೆಲ ಶಹಾಬಾದ್ ಫರಸಿಯದು, ಅದರ ಮೇಲೆ ನೈಲಾನ್ ಜಮಖಾನೆ ಹಾಸುವುದನ್ನು ನಿಲ್ಲಿಸಿದ್ದೇನೆ. ಬರಿಗಾಲಲ್ಲಿ ಫರಸಿಯ ಮೇಲೆ ಕುಳಿತರೆ ಸ್ಟ್ರಾಪ್ ಬೇಡ ಎನ್ನುವ ಗೆಳೆಯರಿದ್ದಾರೆ. ಒರೆಸಿದ ಹಸಿ ನೆಲದ ಮಟ್ಟಿಗೆ ಅದು ಇರಬಹುದು, ಬೇಸಿಗೆಯ ಒಣಕಲ್ಲಿನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಮಧ್ಯಾಹ್ನ ನೀರಿನ ಕೂಲರ್ ಹಚ್ಚಿದರೆ ತೇವಾಂಶ ಏರಿ ತಕ್ಕಮಟ್ಟಿಗೆ ಅನುಕೂಲವಾಗುತ್ತದೆ, ಆದರೆ ಅದರ ಗಾಳಿ ನೇರವಾಗಿ ಬೆಸುಗೆಯ ಮೇಲೆ ಬೀಸಿದರೆ ತವರ ಸರಿಯಾಗಿ ಕರಗದು. ಬಿಡಿಭಾಗಗಳನ್ನು ಇಡುವ ಆಂಟಿಸ್ಟ್ಯಾಟಿಕ್ ಚೀಲಗಳ ವಿಷಯದಲ್ಲಿ ಒಂದೇ ಮಾತು: ಗುಲಾಬಿ ಚೀಲ ತಾನು ಆವೇಶ ಹುಟ್ಟಿಸುವುದಿಲ್ಲ, ಆದರೆ ಹೊರಗಿನದನ್ನು ತಡೆಯುವುದೂ ಇಲ್ಲ, ತಡೆಯುವುದು ಲೋಹದ ಪದರವಿರುವ ಬೆಳ್ಳಿ ಬಣ್ಣದ ಚೀಲ.

ಮೂರನೆಯ ಮಾಸ್‌ಫೆಟ್ಟನ್ನು ಎಲ್ಲಕ್ಕಿಂತ ಕೊನೆಗೆ ಬೆಸೆದೆ. ಗೇಟ್ ಮೇಲೆ ಆವೇಶ ನಿಲ್ಲದಂತೆ ಇಳಿಸುವ, ಗೇಟ್ ಮತ್ತು ಸೋರ್ಸ್ ನಡುವಿನ 10 ಕಿಲೊಓಮ್ ರೆಸಿಸ್ಟರ್ ಅಷ್ಟರಲ್ಲಾಗಲೇ ಬೋರ್ಡಿನ ಮೇಲೆ ಕುಳಿತಿತ್ತು. ದೀಪ ಈಗಲೂ ಉರಿಯುತ್ತಿದೆ.