ಪೋರ್ಚುಗಲ್‌ನ ಹಳ್ಳಿಯಲ್ಲಿ ಅಗ್ಗದ ಜಮೀನು ಕೊಂಡು ಸಂಸಾರ ಮಾಡಬಹುದಾ?

"ಪೋರ್ಚುಗಲ್‌ನ ಒಳನಾಡಿನಲ್ಲಿ ಕಡಿಮೆ ದುಡ್ಡಿಗೆ ಎರಡು ಎಕರೆ, ಒಂದು ಕಲ್ಲಿನ ಮನೆ ಸಿಗುತ್ತದಂತೆ. ಮಕ್ಕಳನ್ನು ಕರೆದುಕೊಂಡು ಹೋಗಿ ತರಕಾರಿ ಬೆಳೆದು, ಕೋಳಿ ಸಾಕಿಕೊಂಡು ಇದ್ದುಬಿಡಬಹುದಾ?" ಬೆಂಗಳೂರಿನವರೂ ಕೇಳುತ್ತಾರೆ, ಲಂಡನ್, ದುಬೈಗಳಲ್ಲಿರುವ ಕನ್ನಡಿಗರೂ ಕೇಳುತ್ತಾರೆ. ಇರಬಹುದು. ಕಾಷ್ಟೆಲು ಬ್ರಾಂಕು, ಪೆನಮಕೋರ್, ಫುಂಡಾವ್, ತಾಬುವಾ ಸುತ್ತಮುತ್ತ ಬೇರೆ ಬೇರೆ ದೇಶಗಳ ಕುಟುಂಬಗಳು ಹೀಗೆಯೇ ನೆಲೆಸಿವೆ. ನನ್ನ ಷರತ್ತು ಒಂದೇ: ಸೆಪ್ಟೆಂಬರಿನಲ್ಲಿ ಕಣ್ಣಾರೆ ನೋಡದ ಜಮೀನನ್ನು ಕೊಳ್ಳಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಎಲ್ಲವೂ ಹಸಿರು. ತೊರೆ ಹರಿಯುತ್ತದೆ, ಬಾವಿ ತುಂಬಿರುತ್ತದೆ. ಅಲ್ಲಿನ ಮಳೆ ನಮ್ಮ ಮುಂಗಾರಿಗೆ ತದ್ವಿರುದ್ಧ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಸುರಿಯುತ್ತದೆ, ಬೆಳೆ ನೀರು ಬೇಡುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹನಿ ಬೀಳುವುದೂ ಅಪರೂಪ. ಬೇಸಿಗೆಯ ಕೊನೆಯಲ್ಲಿ ಬಾವಿಯಲ್ಲಿ ಎಷ್ಟು ನೀರು ಉಳಿದಿದೆಯೋ ಅಷ್ಟೇ ಆ ಜಮೀನಿನ ಯೋಗ್ಯತೆ.

ಲೆಕ್ಕ ಹಾಕಿ ನೋಡಿ. ನಾಲ್ವರ ಮನೆಗೆ ತಲೆಗೆ 100 ಲೀಟರಿನಂತೆ ದಿನಕ್ಕೆ 400 ಲೀಟರ್. 200 ಚದರ ಮೀಟರ್ ತರಕಾರಿ ಮಡಿಗೆ ಬಿರುಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್, ಅಂದರೆ 1,000 ಲೀಟರ್. ಒಟ್ಟು 1,400. 10,000 ಲೀಟರಿನ ಟ್ಯಾಂಕು ಒಂದು ವಾರಕ್ಕೆ ಬರಿದು. ಮಳೆನೀರು ಹಿಡಿದಿಟ್ಟು ಬೇಸಿಗೆ ದಾಟಿಸುತ್ತೇವೆ ಎನ್ನುವವರು ಈ ಅಂಕಿಗಳನ್ನು ನಾಲ್ಕು ತಿಂಗಳಿಗೆ ಗುಣಿಸಿ ನೋಡಬೇಕು.

ಬಾವಿಯ ಒರತೆ ಅಳೆಯುವುದು ಸುಲಭ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಪ್ರತಿ 10 ಸೆಂಟಿಮೀಟರ್ ನೀರೆಂದರೆ ಸುಮಾರು 314 ಲೀಟರ್. ಪಂಪಿನಿಂದ ನೀರನ್ನು ತಳದ ಹತ್ತಿರಕ್ಕೆ ಇಳಿಸಿ, ಹಗ್ಗಕ್ಕೆ ಗುರುತು ಕಟ್ಟಿ, ಒಂದು ಗಂಟೆಯಲ್ಲಿ ಎಷ್ಟು ಏರುತ್ತದೆ ನೋಡಿ. 5 ಸೆಂಟಿಮೀಟರ್ ಏರಿದರೆ ಗಂಟೆಗೆ 157 ಲೀಟರ್. ನೀರು ಏರಿದಂತೆ ಒರತೆಯ ವೇಗ ತಗ್ಗುವುದರಿಂದ ಅದನ್ನು 24ರಿಂದ ಗುಣಿಸಿ ಹಿಗ್ಗಬೇಡಿ, ಅರ್ಧ ಸಿಕ್ಕೀತು ಎಂದುಕೊಳ್ಳಿ. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಆ ವ್ಯವಹಾರ ಬಿಟ್ಟುಬಿಡುವುದೇ ಲೇಸು.

ಕುಡಿಯುವ ಮುಂಚೆ ಪ್ರಯೋಗಾಲಯದಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ, ನೈಟ್ರೇಟ್ ನೋಡಿಸಿ. ಗ್ರಾನೈಟ್ ಬಂಡೆಯ ಸೀಮೆಯಾದರೆ ಆರ್ಸೆನಿಕ್, ಯುರೇನಿಯಂ ಕೂಡ. ಹಳೆಯ ಹಳ್ಳಿಗಳಲ್ಲಿ ಕಾಲುವೆ ನೀರಿಗೆ ಸರದಿ ಇರುತ್ತದೆ, ಯಾವ ವಾರ ಯಾರಿಗೆ ಎಷ್ಟು ಗಂಟೆ ಎಂಬುದು ತಲೆಮಾರುಗಳಿಂದ ಬಂದ ಲೆಕ್ಕ. ಆ ಹಕ್ಕು ಜಮೀನಿನ ಜೊತೆ ನಿಮಗೆ ಬರುತ್ತದೆಯೇ ಎಂದು ಕೇಳಿ, ಬರುವುದಾದರೆ ಕ್ರಯಪತ್ರದಲ್ಲಿ ಬರೆಸಿ.

ಇನ್ನು ಕಾಗದಪತ್ರ. ಅಲ್ಲಿ ಜಮೀನು ಎರಡು ಬಗೆ: ಕೃಷಿಯದು ರುಷ್ಟಿಕು, ಕಟ್ಟಡದ್ದು ಉರ್ಬಾನು. ಅಗ್ಗಕ್ಕೆ ಸಿಗುವುದು ಬಹುಪಾಲು ರುಷ್ಟಿಕು. ಅದರಲ್ಲಿ ಸಾಮಾನ್ಯವಾಗಿ ವಾಸದ ಮನೆಗೆ ಅನುಮತಿ ಇಲ್ಲ. ಹಳೆಯ ಕಲ್ಲಿನ ಕೊಟ್ಟಿಗೆ ಇದ್ದರೂ ದಾಖಲೆಯಲ್ಲಿ ಅದು ಕೊಟ್ಟಿಗೆಯೇ. ಕ್ಯಾರವಾನ್ ನಿಲ್ಲಿಸಿ, ಮರದ ಗುಡಿಸಲು ಕಟ್ಟಿ ಸಂಸಾರ ಹೂಡಿದರೂ ಕಾನೂನಿನ ಲೆಕ್ಕಕ್ಕೆ ಅದು ಮನೆಯಲ್ಲ. ಮುಂಗಡ ಕೊಡುವ ಮೊದಲೇ ಕಾಮರಾ ಎಂಬ ಪುರಸಭೆ ಕಚೇರಿಗೆ ಹೋಗಿ, ಅದರ ಭೂಬಳಕೆ ಯೋಜನೆಯಲ್ಲಿ ಆ ಜಾಗ ಕೃಷಿ ಮೀಸಲಿಗೋ ಪರಿಸರ ಮೀಸಲಿಗೋ ಸೇರಿದೆಯೇ ಎಂದು ವಿಚಾರಿಸಿ.

ತೆರಿಗೆ ಕಚೇರಿಯ ಕಾದೆರ್ನೆಟಾ ಒಂದು ದಾಖಲೆ, ನೋಂದಣಿ ಕಚೇರಿಯ ಪ್ರಮಾಣಪತ್ರ ಇನ್ನೊಂದು. ಪಹಣಿಯಲ್ಲೊಂದು ವಿಸ್ತೀರ್ಣ, ಕ್ರಯಪತ್ರದಲ್ಲೊಂದು ವಿಸ್ತೀರ್ಣ ಇರುವ ನಮ್ಮ ತಾಪತ್ರಯ ಅಲ್ಲಿಯೂ ಇದೆ. ಎರಡನ್ನೂ ತಾಳೆ ಹಾಕಿ. ಜೊತೆಗೆ ವಾರಸುದಾರರ ವಿಷಯ. ಪಿತ್ರಾರ್ಜಿತ ಭೂಮಿಗೆ ಎಂಟು ಹತ್ತು ವಾರಸುದಾರರಿದ್ದು, ಅರ್ಧ ಜನ ಫ್ರಾನ್ಸಿನಲ್ಲೋ ಸ್ವಿಟ್ಜರ್ಲೆಂಡಿನಲ್ಲೋ ಇರುತ್ತಾರೆ. ಪ್ರತಿಯೊಬ್ಬರ ಸಹಿ ಬೇಕು. ಪಕ್ಕದ ಸಣ್ಣ ಹಿಡುವಳಿಯವರಿಗೆ ಮೊದಲು ಕೊಳ್ಳುವ ಹಕ್ಕು ಇರುತ್ತದೆ. ಅವರಿಗೆ ಬೆಲೆ ಮತ್ತು ಷರತ್ತು ತಿಳಿಸಬೇಕು, ಉತ್ತರಿಸಲು ಎಂಟು ದಿನ. ತಿಳಿಸದೆ ಮಾರಿದರೆ, ಸಂಗತಿ ಗೊತ್ತಾದ ಆರು ತಿಂಗಳೊಳಗೆ ಅವರು ನ್ಯಾಯಾಲಯಕ್ಕೆ ಹೋಗಿ, ನೀವು ಕೊಟ್ಟ ಬೆಲೆಯನ್ನೇ ಕಟ್ಟಿ ಜಮೀನು ತಮ್ಮದಾಗಿಸಿಕೊಳ್ಳಬಹುದು. ಅವರಿಗೆ ಹಾಗೆ ತಿಳಿಸಿದ್ದಕ್ಕೆ ರಿಜಿಸ್ಟರ್ಡ್ ಅಂಚೆಯ ರಸೀದಿಗಳನ್ನು ಮಾರುವವರಿಂದ ಕೇಳಿ ಪಡೆಯಿರಿ. ರುಷ್ಟಿಕು ಜಮೀನಿಗೆ ಖರೀದಿ ತೆರಿಗೆ 5%, ಮುದ್ರಾಂಕ ಶುಲ್ಕ 0.8%.

ನೀರಿನಷ್ಟೇ ದೊಡ್ಡ ವಿಷಯ ಬೆಂಕಿ. 2017ರ ಜೂನ್ 17ರಂದು ಪೆಡ್ರೋಗಾವ್ ಗ್ರಾಂಡೆಯಲ್ಲಿ ಹೊತ್ತಿದ ಕಾಡ್ಗಿಚ್ಚಿಗೆ 66 ಜನ ಬಲಿಯಾದರು. ಹೆಚ್ಚಿನವರು ಕಾರಿನಲ್ಲಿ ಪಾರಾಗಲು ಹೊರಟು ದಾರಿಯಲ್ಲಿ ಸಿಕ್ಕಿಬಿದ್ದವರು. ಕಾನೂನಿನ ಪ್ರಕಾರ ಮನೆಯ ಸುತ್ತ 50 ಮೀಟರ್ ಪೊದೆ ಸವರಿರಬೇಕು, ಗಡುವು ಸಾಮಾನ್ಯವಾಗಿ ಏಪ್ರಿಲ್ 30. ಪೈನ್, ನೀಲಗಿರಿ ಮರಗಳ ನೆತ್ತಿಗಳ ನಡುವೆ 10 ಮೀಟರ್, ಬೇರೆ ಮರಗಳಿಗೆ 4 ಮೀಟರ್ ಅಂತರ. ಮನೆಗೆ 5 ಮೀಟರಿಗಿಂತ ಹತ್ತಿರ ಕೊಂಬೆ ಚಾಚಿರಬಾರದು.

50 ಮೀಟರ್ ಎಂದರೆ ಎಷ್ಟು ಕೆಲಸ? 10 ಮೀಟರ್ ಉದ್ದ, 10 ಮೀಟರ್ ಅಗಲದ ಪುಟ್ಟ ಮನೆಗೂ ಸವರಬೇಕಾದ ಜಾಗ ಸುಮಾರು 9,850 ಚದರ ಮೀಟರ್, ಹತ್ತಿರ ಹತ್ತಿರ ಎರಡೂವರೆ ಎಕರೆ. ಅದರಲ್ಲಿ ಪಕ್ಕದವರ ನೆಲದ ಪಾಲು ಅವರ ಹೊಣೆ. ಹಾಗೆಯೇ ಅವರ ಮನೆಯ ಸುತ್ತಳತೆಗೆ ಬರುವ ನಿಮ್ಮ ನೆಲ ನಿಮ್ಮ ಹೊಣೆ. ಕಳೆ ಕತ್ತರಿಸುವ ಯಂತ್ರ ಹಿಡಿದ ಒಬ್ಬರು ಸಾಧಾರಣ ಪೊದೆಯಲ್ಲಿ ದಿನಕ್ಕೆ ಸಾವಿರ ಚದರ ಮೀಟರ್ ಮುಗಿಸಿದರೆ ದೊಡ್ಡದು. ಮಾರ್ಚಿನಲ್ಲೇ ಕತ್ತರಿಸಿ ನಿಶ್ಚಿಂತೆಯಾಗಿರುವವರ ಹುಲ್ಲು ಏಪ್ರಿಲ್ ಮಳೆಗೆ ಮತ್ತೆ ಮೊಳಕಾಲುದ್ದ ಬಂದಿರುತ್ತದೆ, ಮೇ ತಿಂಗಳಲ್ಲಿ ಎರಡನೆಯ ಸಲ ಕತ್ತರಿಸಲೇಬೇಕು. ಒಣಗಿದ ಮೇಲೆ ಲೋಹದ ಬ್ಲೇಡು ಕಲ್ಲಿಗೆ ತಾಗಿ ಹಾರುವ ಕಿಡಿಯೊಂದೇ ಸಾಕು, ಆದ್ದರಿಂದ ಅಪಾಯದ ಎಚ್ಚರಿಕೆ ಇರುವ ದಿನ ಯಂತ್ರ ಮುಟ್ಟಬೇಡಿ. ಕತ್ತರಿಸಿದ ಸೊಪ್ಪುಸದೆ ಸುಡಲೂ ಮುಂಚಿತವಾಗಿ ನೋಂದಾಯಿಸಬೇಕು. ಚಿಕ್ಕ ಮಕ್ಕಳಿರುವ ಮನೆಯವರಿಗೆ ನನ್ನ ಸಲಹೆ: ನೀಲಗಿರಿ ತೋಪಿನ ನಡುವಿನ ಐದು ಹೆಕ್ಟೇರಿಗಿಂತ ಊರಿಗೆ ಅಂಟಿಕೊಂಡ ಒಂದು ಎಕರೆ ಎಷ್ಟೋ ಮೇಲು. ಒಂದೇ ದಾರಿ ಇರುವ ಕಣಿವೆಯ ಮನೆ ಎಷ್ಟೇ ಚೆಂದವಿದ್ದರೂ ಬೇಡ.

ಬೆಳೆಯ ವಿಷಯದಲ್ಲಿ ಚಿಂತೆ ಕಡಿಮೆ. ಕಡಲೆ, ಅಲಸಂದೆ ಅಲ್ಲಿಯ ಜನರೇ ಬೆಳೆಯುತ್ತಾರೆ, ಕೊತ್ತಂಬರಿ ಅವರ ಅಡುಗೆಯಲ್ಲೂ ಇದೆ. ಕೊತ್ತಂಬರಿ, ಮೆಂತ್ಯ ಬೇಸಿಗೆಯಲ್ಲಿ ಬೇಗ ಹೂಬಿಡುವುದರಿಂದ ಸೆಪ್ಟೆಂಬರ್ ಕೊನೆಗೆ ಬಿತ್ತಿ. ಕರಿಬೇವು ಕುಂಡದಲ್ಲಿರಲಿ, ಹಿಮ ಬೀಳುವ ರಾತ್ರಿಗಳಿಗೆ ಮುಂಚೆ ಒಳಗಿಡಿ. ಆಲಿವ್ ಕೊಯ್ಲು ಅಕ್ಟೋಬರ್ ಕೊನೆಯಿಂದ ಡಿಸೆಂಬರ್. 100 ಕಿಲೋ ಕಾಯಿಗೆ 10ರಿಂದ 18 ಲೀಟರ್ ಎಣ್ಣೆ ಸಿಗುತ್ತದೆ. ಕಾಯನ್ನು ಚೀಲದಲ್ಲಿ ತುಂಬಿಟ್ಟರೆ ಬಿಸಿಯೇರಿ, ಎಣ್ಣೆಯ ಆಮ್ಲೀಯತೆ ಹೆಚ್ಚುತ್ತದೆ. ಗಾಳಿಯಾಡುವ ಕ್ರೇಟುಗಳಲ್ಲಿಟ್ಟು ಎರಡು ದಿನದೊಳಗೆ ಗಾಣಕ್ಕೆ ಮುಟ್ಟಿಸಿ.

ಭಾರತದ ಪಾಸ್‌ಪೋರ್ಟಿನವರಿಗೆ ಜಮೀನು ಕೊಂಡ ಮಾತ್ರಕ್ಕೆ ವಾಸದ ಹಕ್ಕು ಬರುವುದಿಲ್ಲ. ಪಿಂಚಣಿ, ಬಾಡಿಗೆಯಂಥ ಆದಾಯ ಇರುವವರು ಡಿ7 ವೀಸಾಕ್ಕೆ ಅರ್ಜಿ ಹಾಕುತ್ತಾರೆ. 2025ರ ಲೆಕ್ಕದಲ್ಲಿ ಅರ್ಜಿದಾರರಿಗೆ ತಿಂಗಳಿಗೆ 870 ಯೂರೋ, ಸಂಗಾತಿಗೆ ಅದರ ಅರ್ಧ, ಪ್ರತಿ ಮಗುವಿಗೆ 30%. ಇಬ್ಬರು ಮಕ್ಕಳ ಸಂಸಾರಕ್ಕೆ ಆಗ 1,827 ಯೂರೋ ಬೇಕಿತ್ತು. ವಾಸದ ವಿಳಾಸವನ್ನೂ ತೋರಿಸಬೇಕು, ಬರೀ ರುಷ್ಟಿಕು ಜಮೀನು ಅದಕ್ಕೆ ಆಗದು. ಊರಿನಿಂದ ಹಣ ಕಳುಹಿಸಲು ರಿಸರ್ವ್ ಬ್ಯಾಂಕಿನ ಯೋಜನೆಯಲ್ಲಿ ತಲೆಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ ಇದೆ.

ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಶಿಕ್ಷಣ ಕಡ್ಡಾಯ, ಸರ್ಕಾರಿ ಶಾಲೆ ಉಚಿತ. ಮನೆಯಲ್ಲೇ ಕಲಿಸಲು ಅವಕಾಶವಿದೆ, ಆದರೆ ಕಲಿಸುವವರಿಗೆ ಪದವಿ ಇರಬೇಕು, ಮಗುವಿನ ಹೆಸರು ಶಾಲೆಯಲ್ಲಿ ದಾಖಲಾಗಿರಬೇಕು. ಶಾಲೆಗೇ ಕಳುಹಿಸಿ ಎನ್ನುತ್ತೇನೆ. ಮಕ್ಕಳು ಪೋರ್ಚುಗೀಸ್ ಕಲಿತರೆ ಇಡೀ ಮನೆಗೇ ಊರಿನ ಬಳಕೆ ಸಿಗುತ್ತದೆ. ಮೊದಲ ವರ್ಷ ಹಳ್ಳಿಯಲ್ಲೇ ಬಾಡಿಗೆಗಿರಿ, ಶಾಲೆ ಶುರುವಾಗುವ ಸೆಪ್ಟೆಂಬರಿಗೇ ಬಂದಿಳಿಯಿರಿ. ಬಾವಿಗಳ ತಳ ಕಾಣುವ ತಿಂಗಳೂ ಅದೇ ಆದ್ದರಿಂದ ಜಮೀನು ನೋಡುವ ಕೆಲಸವನ್ನು ಆ ವಾರದಿಂದಲೇ ಶುರು ಮಾಡಬಹುದು.